ಪಂದಿಕರಿಯ ಮೇಲೇಕೆ ಸಿಟ್ಟು? ಮೊದಲು ಕಾಫಿ ಲೋಟ ಎಣಿಸಿ

ಪ್ರಶ್ನೆ: ನನಗೆ 49 ವರ್ಷ, ಯಜಮಾನರಿಗೆ 55. ಕೊಡಗಿನ ನಾಪೋಕ್ಲು ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಎರಡು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಒಂದು ಮಾತ್ರೆಯನ್ನು ಬೆಳಿಗ್ಗೆ ನುಂಗುತ್ತಾರೆ. ಕಳೆದ ತಿಂಗಳು ಎಚ್‌ಬಿಎ1ಸಿ (ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) 8.1 ಬಂತು. ಪಂದಿಕರಿ (ಹಂದಿ ಮಾಂಸದ ಕರಿ), ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಅಕ್ಕಿ ರೊಟ್ಟಿ ಎಲ್ಲ ಬಿಟ್ಟು ಸಿರಿಧಾನ್ಯ ಮಾತ್ರ ತಿನ್ನಬೇಕು ಎಂದು ನಾದಿನಿ ಪಟ್ಟು ಹಿಡಿದಿದ್ದಾಳೆ. ಮನೆಯಲ್ಲಿರುವ 82 ವರ್ಷದ ಅತ್ತೆ, "ನನ್ನ ಕೈಯ ರೊಟ್ಟಿ ತಿಂದು ಈ ಮನೆಯಲ್ಲಿ ಯಾರಿಗೂ ರೋಗ ಬರಲಿಲ್ಲ" ಎನ್ನುತ್ತಾರೆ. ತಿಂಗಳಿಗೊಮ್ಮೆ ಮಗಳನ್ನು ನೋಡಲು ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತೇವೆ. ನನಗೆ ತಿರುವುಗಳಲ್ಲಿ ವಾಂತಿ, ಹಾಗಾಗಿ ಇಬ್ಬರೂ ಏನೂ ತಿನ್ನದೆ ಹೊರಡುತ್ತೇವೆ. ಕಳೆದ ಸಲ ಹುಣಸೂರಿನ ಹತ್ತಿರ ಅವರು ಬೆವರಿ ನಡುಗಿದರು, ಮಾತು ತೊದಲಿತು. ಚೀಲದಲ್ಲಿದ್ದ ಕೋಡುಬಳೆ ಕೊಟ್ಟೆ, ಕಂಡಕ್ಟರ್ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. ಕೊಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ಕಾಶಿಗೆ ಹೋಗಬೇಕೆಂಬ ಆಸೆ ಇದೆ. ಹೋಗಬಹುದೇ? (ನನಗೂ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಮೈಯೆಲ್ಲ ಬೆವರುತ್ತದೆ. ಅದು ಬಿಡಿ.)

ಉತ್ತರ: "ಅದು ಬಿಡಿ" ಎಂದು ಆವರಣದೊಳಗೆ ಬರೆದಿದ್ದೀರಿ. ಬಿಡುವುದಿಲ್ಲ, ಆಮೇಲೆ ಅದಕ್ಕೇ ಬರುತ್ತೇನೆ. ಹುಣಸೂರಿನ ವಿಷಯ ಮಾತ್ರ ಕಾಯುವಂಥದ್ದಲ್ಲ, ಮುಂದಿನ ತಿಂಗಳು ಮತ್ತೆ ಅದೇ ಬಸ್ ಹತ್ತುತ್ತೀರಿ.

ಅಂದು ನಿಮ್ಮ ಯಜಮಾನರ ರಕ್ತದಲ್ಲಿ ಸಕ್ಕರೆ ಕುಸಿದಿತ್ತು ಎಂಬುದರಲ್ಲಿ ನನಗೆ ಹೆಚ್ಚಿನ ಅನುಮಾನವಿಲ್ಲ. ಅವರು ನುಂಗುವ ಮಾತ್ರೆಯಲ್ಲಿ ಎರಡು ಔಷಧಗಳಿವೆ. ಮೆಟ್‌ಫಾರ್ಮಿನ್ ಸಾಧು ಪ್ರಾಣಿ. ತಾನೊಂದೇ ಇದ್ದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿರಿ, ಬಿಟ್ಟಿರಿ, ಅದು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತದೆ. ತೋಟದ ಭಾಷೆಯಲ್ಲಿ ಹೇಳುವುದಾದರೆ, ಕಾಫಿ ಮೂಟೆ ಹೇರಲು ಜೀಪ್ ಬಂದು ನಿಂತಿದೆ, ಕಣದಲ್ಲಿ ಮೂಟೆಯೇ ಇಲ್ಲ. ಬಂದ ಜೀಪ್ ಬರಿದೇ ಹೋಗಲಿಲ್ಲ, ಅಡುಗೆಮನೆಯ ಅಕ್ಕಿ ಮೂಟೆಯನ್ನೇ ಹೇರಿಕೊಂಡು ಹೋಯಿತು. ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ಬಿಟ್ಟು, ಮಡಿಕೇರಿ ದಾಟಿ, ಕುಶಾಲನಗರ ದಾಟಿ ಹುಣಸೂರಿಗೆ ಬರುವಷ್ಟರಲ್ಲಿ ಮೂರು ತಾಸಿನ ಮೇಲಾಗಿರುತ್ತದೆ. ಮಾತ್ರೆ ಜೋರಾಗಿ ಕೆಲಸ ಮಾಡುವ ಹೊತ್ತು ಸರಿಯಾಗಿ ಅದೇ.

ನೀವು ಕೋಡುಬಳೆ ಕೊಟ್ಟಿರಿ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟಿರಿ, ತಪ್ಪೇನಿಲ್ಲ. ಆದರೆ ಎಣ್ಣೆಯಲ್ಲಿ ಕರಿದ ತಿಂಡಿ ಜೀರ್ಣವಾಗಿ ರಕ್ತಕ್ಕೆ ಸಕ್ಕರೆಯಾಗಿ ಇಳಿಯುವುದು ನಿಧಾನ. ಆ ಹೊತ್ತಿಗೆ ಬೇಕಾದದ್ದು ನೇರ ಸಕ್ಕರೆ. ಕಂಡಕ್ಟರ್ ಬುದ್ಧಿವಂತರು. ಈ ದಾರಿಯ ಬಸ್ಸುಗಳಲ್ಲಿ ವಾಂತಿಯವರಿಗೆಂದು ಪೆಪ್ಪರ್‌ಮಿಂಟ್ ಇಟ್ಟುಕೊಂಡಿರುವವರು ಇನ್ನೂ ಇದ್ದಾರೆ. ಆದರೆ ಒಂದು ಪೆಪ್ಪರ್‌ಮಿಂಟಿನಲ್ಲಿ ಇರುವುದು ಮೂರು ನಾಲ್ಕು ಗ್ರಾಂ ಸಕ್ಕರೆ, ಬೇಕಾದದ್ದು 15 ಗ್ರಾಂ. ಅಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿದ್ದು, ಅಥವಾ ಒಂದು ಸಣ್ಣ ಪೊಟ್ಟಣ ಹಣ್ಣಿನ ರಸ, ಅಥವಾ ಔಷಧದಂಗಡಿಯ ಗ್ಲೂಕೋಸ್ ಪುಡಿ ಮೂರು ಚಮಚ. ಕೊಟ್ಟು 15 ನಿಮಿಷ ಕಾಯಿರಿ. ಸಕ್ಕರೆ ಅಳೆಯುವ ಮೀಟರ್ ಇದ್ದರೆ ನೋಡಿ, 70ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ. ಚೇತರಿಸಿಕೊಂಡ ಮೇಲೆ ಕೋಡುಬಳೆಯನ್ನೋ ಬಾಳೆಹಣ್ಣನ್ನೋ ಕೊಟ್ಟರಾಯಿತು, ಆಗ ಅದಕ್ಕೆ ಕೆಲಸವಿದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಹೋದೀತು. ಸಕ್ಕರೆ ಕೊಟ್ಟ ಮೇಲೂ ತೊದಲು ಹೋಗದಿದ್ದರೆ, ಮುಖ ಒಂದು ಕಡೆ ವಾಲಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಅದು ಪಾರ್ಶ್ವವಾಯು ಇರಬಹುದು. ಮೈಸೂರು ಬರಲಿ ಎಂದು ಕಾಯದೆ ಅಲ್ಲೇ ಇಳಿದು ಆಸ್ಪತ್ರೆ ಸೇರಿಸಿ.

ಸೋಮವಾರವೇ ನಿಮ್ಮ ವೈದ್ಯರ ಬಳಿ ಹೋಗಿ ಈ ಘಟನೆಯನ್ನು ಹೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎಚ್‌ಬಿಎ1ಸಿ ಎಂಬುದು ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ. ಮಳೆಗಾಲದಲ್ಲಿ ಭಾಗಮಂಡಲದಲ್ಲೂ ಕುಶಾಲನಗರದಲ್ಲೂ ಬಿದ್ದ ಮಳೆ ಕೂಡಿಸಿ ಎರಡರಿಂದ ಭಾಗಿಸಿದರೆ ಯಾವ ಊರಿನ ಕಥೆಯೂ ತಿಳಿಯುವುದಿಲ್ಲವಲ್ಲ, ಹಾಗೆ. 8.1 ನೋಡಿದ ಕೂಡಲೇ ವೈದ್ಯರು ಮಾತ್ರೆಯ ಪ್ರಮಾಣ ಏರಿಸುವುದು ಸಹಜ. ಹುಣಸೂರಿನ ಕಥೆ ಅವರಿಗೆ ಗೊತ್ತಿಲ್ಲದೆ ಏರಿಸಿದರೆ ಮುಂದಿನ ಸಲ ಬಸ್ಸಿನಲ್ಲಿ ಇನ್ನೂ ಆಳಕ್ಕೆ ಬೀಳುತ್ತಾರೆ. ಎರಡೂ ಔಷಧ ಒಂದೇ ಮಾತ್ರೆಯಲ್ಲಿ ಬೆಸೆದಿರುವುದರಿಂದ ತಿಂಡಿ ತಪ್ಪಿದ ದಿನ ಒಂದನ್ನು ಮಾತ್ರ ಬಿಡಲು ಬರುವುದಿಲ್ಲ. ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಬಹುದೇ, ಅಥವಾ ಸಕ್ಕರೆ ಕುಸಿಯದ ಬೇರೆ ಔಷಧಕ್ಕೆ ಬದಲಾಯಿಸಬಹುದೇ ಎಂದು ಕೇಳಿ. ಅಲ್ಲಿಯವರೆಗೆ ಒಂದೇ ನಿಯಮ: ತಟ್ಟೆ ಎದುರಿಗೆ ಬಂದ ಮೇಲೆ ಮಾತ್ರೆ. ತಟ್ಟೆ ಇಲ್ಲವೆಂದರೆ ಮಾತ್ರೆಯೂ ಇಲ್ಲ, ವೈದ್ಯರಿಗೆ ಫೋನ್.

ಅವರು ಕಾರು ಓಡಿಸುತ್ತಾರೋ ಇಲ್ಲವೋ ಬರೆದಿಲ್ಲ. ಓಡಿಸುವವರಾದರೆ ಚಕ್ರ ಹಿಡಿಯುವ ಮೊದಲು ಮೀಟರಿನಲ್ಲಿ 90 ದಾಟಿರಲಿ. ದಾರಿಯಲ್ಲಿ ಕುಸಿತವಾದರೆ ಗಾಡಿ ನಿಲ್ಲಿಸಿ, ಸಕ್ಕರೆ ತಿಂದು, ಸರಿಯಾದ ಮೇಲೂ ಮುಕ್ಕಾಲು ಗಂಟೆ ಬಿಟ್ಟು ಹೊರಡಲಿ. ಸಂಪಾಜೆ ಘಾಟಿಯಲ್ಲಿ ಎರಡು ಸೆಕೆಂಡು ಮಂಕಾದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ನಿಮ್ಮ ವಾಂತಿ. ಹೆಂಡತಿಗೆ ವಾಂತಿ ಎಂದು ಗಂಡನೂ ಉಪವಾಸ ಕೂರುವುದು ನೋಡಲು ಚೆಂದ. ಈ ಪ್ರೀತಿಯನ್ನು ಬೇರೆ ಕಡೆ ತೋರಿಸಲಿ, ಅವರು ತಿಂಡಿ ತಿಂದೇ ಹೊರಡಲಿ. ನೀವೂ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಖಾಲಿ ಹೊಟ್ಟೆ ವಾಂತಿಯನ್ನು ತಡೆಯುವುದಿಲ್ಲ, ಹಲವರಿಗೆ ಹೆಚ್ಚಿಸುತ್ತದೆ. ತಿರುವಿನಲ್ಲಿ ಒಳಗಿವಿ "ಹೊರಳುತ್ತಿದ್ದೇವೆ" ಎನ್ನುತ್ತದೆ, ಎದುರಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು "ಎಲ್ಲ ನಿಂತಿದೆ" ಎನ್ನುತ್ತದೆ. ಈ ಜಗಳದ ಫಲವೇ ಹೊಟ್ಟೆ ತೊಳಸುವುದು. ಬಸ್ಸಿನ ಮುಂಭಾಗದಲ್ಲಿ ಕುಳಿತು ದೂರದ ರಸ್ತೆಯನ್ನು ನೋಡಿ, ಕಣ್ಣಿಗೂ ತಿರುವು ಕಾಣಿಸಿ ಜಗಳ ಕಡಿಮೆಯಾಗುತ್ತದೆ. ಹಿಂದಿನ ಚಕ್ರದ ಮೇಲಿನ ಸೀಟು ನಿಮಗಲ್ಲ. ಹೊರಡುವ ಗಂಟೆ ಮೊದಲು ತುಪ್ಪ ಜೇನು ಏನೂ ಇಲ್ಲದ ಒಂದು ಒಣ ರೊಟ್ಟಿ ಸಾಕು. ಶುಂಠಿಯ ಚೂರೊಂದು ಬಾಯಲ್ಲಿರಲಿ. ಅಷ್ಟರಿಂದಲೂ ಆಗದಿದ್ದರೆ ಪ್ರೊಮೆಥಜೀನ್ ಎಂಬ ಮಾತ್ರೆ ಇದೆ, ಪ್ರಯಾಣಕ್ಕೆ ಒಂದು ಗಂಟೆ ಮೊದಲು ತೆಗೆದುಕೊಳ್ಳುವಂಥದ್ದು. ನಿದ್ದೆ ಬರಿಸುತ್ತದೆ, ಕಣ್ಣಿನ ಒತ್ತಡ ಇರುವವರಿಗೆ ಆಗದು, ಕೇಳಿಯೇ ತೆಗೆದುಕೊಳ್ಳಿ. ನಿಮ್ಮ ದಾರಿಯಲ್ಲಿ ಕಷ್ಟವೆಲ್ಲ ಮೊದಲ ಭಾಗದಲ್ಲಿದೆ: ಮನೆಯಿಂದ ಮಡಿಕೇರಿ, ಅಲ್ಲಿಂದ ಸುಂಟಿಕೊಪ್ಪ ಕಳೆಯುವವರೆಗೆ. ಕುಶಾಲನಗರ ಬಂತೆಂದರೆ ರಸ್ತೆ ನೆಟ್ಟಗಾಗುತ್ತದೆ. ಡಬ್ಬಿಯಲ್ಲಿಟ್ಟ ಉಳಿದ ತಿಂಡಿಯನ್ನು ಅಲ್ಲಿ ಬಸ್ ನಿಂತಾಗ ತಿನ್ನಿ.

ಈಗ ನಾದಿನಿ ಮತ್ತು ಅತ್ತೆಯವರ ವ್ಯಾಜ್ಯ. ತಾಯಿ ಮಗಳ ನಡುವೆ ತೀರ್ಪು ಹೇಳಲು ಹೋದ ಮೂರನೆಯವನು ಉದ್ಧಾರವಾದದ್ದಿಲ್ಲ, ಆದರೂ ಹೇಳುತ್ತೇನೆ. ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಅವರ ಕೈಯ ರೊಟ್ಟಿ ತಿಂದ ಮಾವನವರು ದಿನಕ್ಕೆ ಎಷ್ಟು ಸಲ ಗದ್ದೆಯ ಬದುವಿನ ಮೇಲೆ ನಡೆದರು, ಎಷ್ಟು ಸಲ ಬಾಣೆಯ ಗುಡ್ಡ ಹತ್ತಿಳಿದರು? ಅದೇ ಮೂರು ರೊಟ್ಟಿ ತಿಂದ ಮಗ ಈಗ ತೋಟದ ಮೂಲೆಗೂ ಜೀಪಿನಲ್ಲಿ ಹೋಗುತ್ತಿರಬಹುದು. ನಮ್ಮ ಕಡೆ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಗದ್ದೆಯ ದುಡಿಮೆ ನಿಂತಿತು, ಗದ್ದೆಯ ಊಟ ಮಾತ್ರ ನಿಲ್ಲಲಿಲ್ಲ. ರೊಟ್ಟಿ ಅದೇ, ಕಾಲು ಬೇರೆ.

ನಾದಿನಿ ಹಿಡಿದದ್ದು ತಪ್ಪು ಕೊಂಬೆಯನ್ನು. ಸಿರಿಧಾನ್ಯವೂ ಪಿಷ್ಟವೇ. ನಾರು ಹೆಚ್ಚು, ಒಪ್ಪಿದೆ, ಆದರೆ ಅನ್ನದ ಜಾಗದಲ್ಲಿ ಅನ್ನದಷ್ಟೇ ನವಣೆ ಬಡಿಸಿಕೊಂಡರೆ ಮೀಟರ್ ಹೆಚ್ಚು ವ್ಯತ್ಯಾಸ ತೋರಿಸದು. ರಾಗಿಯನ್ನು ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ಸಕ್ಕರೆ ಸರಸರನೆ ಏರುವುದನ್ನು ನನ್ನ ರೋಗಿಗಳ ಮೀಟರಿನಲ್ಲೇ ನೋಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮವರ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62 ಬರುವುದು ಪಿಷ್ಟ ಸಕ್ಕರೆಗಳಿಂದ. ಧಾನ್ಯದ ಹೆಸರು ಬದಲಾಯಿಸಿದ ಮಾತ್ರಕ್ಕೆ ಈ ಲೆಕ್ಕ ಇಳಿಯುವುದಿಲ್ಲ, ತಟ್ಟೆಯಲ್ಲಿ ಅದರ ಪಾಲು ಇಳಿಯಬೇಕು. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತಂದು ಮನೆ ತುಂಬಿಸಿಕೊಳ್ಳುವ ನಾಡಿನವರಿಗೆ ಅಕ್ಕಿ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಮೂರು ಹೊತ್ತಿನ ಅಕ್ಕಿಯನ್ನು ಎರಡು ಹೊತ್ತಿಗೆ ಇಳಿಸಿ.

ಪಂದಿಕರಿ ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ? ವಾರಕ್ಕೊಮ್ಮೆ, ನೆಂಟರು ಬಂದರೆ ಎರಡು ಸಲ. ಕಾಫಿ? ಇಂಥ ಪತ್ರ ಬಂದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಇದು, ಉತ್ತರ ಬಹುತೇಕ ಒಂದೇ: "ಸಕ್ಕರೆ ಹಾಕುವುದೇ ಇಲ್ಲ ಡಾಕ್ಟ್ರೇ, ಬೆಲ್ಲದ ಕಾಫಿ." ಎದ್ದ ಕೂಡಲೇ ಒಂದು, ತಿಂಡಿಯ ಜೊತೆ ಒಂದು, ತೋಟಕ್ಕೆ ಹೋಗಿ ಬಂದು ಒಂದು, ಊಟದ ನಂತರ, ಸಂಜೆ, ಯಾರಾದರೂ ಬಂದರೆ ಅವರ ಜೊತೆ. ಆರು ಲೋಟ, ಲೋಟಕ್ಕೆ 10 ಗ್ರಾಂ ಬೆಲ್ಲ ಎಂದರೂ ದಿನಕ್ಕೆ 60 ಗ್ರಾಂ. ಬೆಲ್ಲದಲ್ಲಿ ಕಬ್ಬಿಣಾಂಶ ಅಷ್ಟಿಷ್ಟು ಇದೆ ನಿಜ, ಉಳಿದದ್ದು ಹೆಚ್ಚುಕಡಿಮೆ ಸಕ್ಕರೆಯೇ, ರಕ್ತಕ್ಕೆ ಇಳಿದ ಮೇಲೆ ಬಣ್ಣ ನೋಡುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ. ಕಕ್ಕಬ್ಬೆಯ ಜೇನೂ ಇದೇ ಸಾಲಿನಲ್ಲಿ ಬರುತ್ತದೆ, ರೊಟ್ಟಿಯ ಮೇಲೆ ಸುರಿಯುವಾಗ ಅದನ್ನು ಔಷಧವೆಂದು ಲೆಕ್ಕ ಹಾಕಬೇಡಿ.

ಹಾಗಾಗಿ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕಾಫಿಗೆ ಹಾಕುವಷ್ಟೇ ಬೆಲ್ಲವನ್ನು ಪ್ರತಿ ಸಲವೂ ಒಂದು ಬಟ್ಟಲಿಗೂ ಹಾಕುತ್ತ ಹೋಗಿ. ರಾತ್ರಿ ಆ ಬಟ್ಟಲನ್ನು ಊಟದ ಮೇಜಿನ ಮೇಲಿಡಿ. ಯಾರೂ ಉಪದೇಶ ಮಾಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹೆಂಡತಿ ಹೀಗೆ ಇಟ್ಟಾಗ ನಾನು ವೈದ್ಯ ಎಂಬುದು ನನಗೇ ನೆನಪಾಗಿ ನಾಚಿಕೆಯಾಯಿತು. ಕಾಫಿ ಬೆಳೆಯುವವರು ಕಾಫಿಯ ರುಚಿಯನ್ನೇ ನೋಡಲಿ. ಒಳ್ಳೆಯ ಅರೇಬಿಕಾವನ್ನು ಹದವಾಗಿ ಹುರಿದರೆ ಬೆಲ್ಲವಿಲ್ಲದೆಯೂ ಗಂಟಲಲ್ಲಿ ಇಳಿಯುತ್ತದೆ, ಮೊದಲ ಹತ್ತು ದಿನ ಮಾತ್ರ ಮುಖ ಹುಳಿಯಾಗುತ್ತದೆ.

ಬೆಳಗಿನ ಮೂರು ರೊಟ್ಟಿ ಒಂದೂವರೆಯಾಗಲಿ, ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಪಲ್ಯ ಬರಲಿ. ಎಳ್ಳಿನ ಪಜ್ಜಿ (ಚಟ್ನಿ) ಇರಲಿ, ಅದು ಬಹಳ ಒಳ್ಳೆಯದು. ಮಧ್ಯಾಹ್ನ ಒಂದು ಬಟ್ಟಲು ಅನ್ನ ಸಾಕು. ಅನ್ನಕ್ಕೆ ಕೈ ಹಾಕುವ ಮೊದಲು ತರಕಾರಿ, ಮೀನು, ಕಾಳು ತಿಂದು ಮುಗಿಸುವ ಅಭ್ಯಾಸ ಮಾಡಿಸಿ. ತಿನ್ನುವ ಕ್ರಮ ಬದಲಾದರೂ ಊಟದ ನಂತರದ ಏರಿಕೆ ತಗ್ಗುತ್ತದೆ. ರಾತ್ರಿ ಅನ್ನದ ಬದಲು ಮೀನು ಅಥವಾ ಕೋಳಿ, ಕಾಳಿನ ಸಾರು, ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ. ಇದರಲ್ಲಿ ಕೊಡಗಿನವರಷ್ಟು ಅದೃಷ್ಟವಂತರು ಯಾರಿದ್ದಾರೆ? ಮಳೆ ಹಿಡಿದರೆ ತೆರ್ಮೆ ಸೊಪ್ಪು, ಕೆಸು, ಅಣಬೆ, ಕಳಲೆ, ಒಂದೂ ಅಂಗಡಿಯಿಂದ ತರಬೇಕಿಲ್ಲ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಸುವ ನಿಮ್ಮ ಅತ್ತೆಯವರ ಪದ್ಧತಿಯನ್ನು ಬಿಡಬೇಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ನೆನೆಸಿ ಬೇಯಿಸಿದರೆ ಹೋಗುತ್ತದೆ. ಹಿರಿಯರು ರಸಾಯನಶಾಸ್ತ್ರ ಓದದೆಯೇ ಇದನ್ನು ಮಾಡುತ್ತಿದ್ದರು.

ಕಡಂಬುಟ್ಟಿನ ಲೆಕ್ಕವನ್ನು ಒಮ್ಮೆ ತಕ್ಕಡಿ ಹಿಡಿದೇ ನೋಡಿದೆ. ನಮ್ಮ ಮನೆಯ ಅಳತೆಯ ಒಂದು ಉಂಡೆಗೆ ಸುಮಾರು 25 ಗ್ರಾಂ ತರಿ ಹಿಡಿಯಿತು, ಅಂದರೆ 20 ಗ್ರಾಂ ಪಿಷ್ಟ. ನಾಲ್ಕು ತಿಂದರೆ 80 ಗ್ರಾಂ. ಎರಡಕ್ಕೆ ನಿಲ್ಲಿಸಿದರೆ ಪಂದಿಕರಿಯ ಜೊತೆ ನನಗೇನೂ ತಕರಾರಿಲ್ಲ. ಪಂದಿಕರಿಯಲ್ಲಿ ಪಿಷ್ಟ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅದು ಸಕ್ಕರೆಯನ್ನು ಏರಿಸಿದ್ದಲ್ಲ. ಅದರ ಲೆಕ್ಕ ಕೊಬ್ಬಿನಲ್ಲಿ, ಹೃದಯದ ಖಾತೆಯಲ್ಲಿ. ಇದಕ್ಕೆ ನಮ್ಮ ಚಳಿಯೇ ಉಪಾಯ ಕೊಟ್ಟಿದೆ. ಸಂಜೆ ಮಾಡಿದ ಕರಿಯನ್ನು ಆರಿಸಿ ಮುಚ್ಚಿಟ್ಟರೆ ಡಿಸೆಂಬರಿನ ಬೆಳಿಗ್ಗೆ ಪಾತ್ರೆಯ ಮೇಲೆ ಬಿಳಿ ಕೊಬ್ಬು ತುಪ್ಪದ ಹಾಗೆ ಹೆಪ್ಪುಗಟ್ಟಿ ನಿಂತಿರುತ್ತದೆ, ಬೇರೆ ಕಾಲದಲ್ಲಾದರೆ ಫ್ರಿಜ್‌ನಲ್ಲಿಡಿ. ಚಮಚದ ಅಂಚಿನಿಂದ ಆ ಪದರವನ್ನು ಎತ್ತಿ ತೆಗೆಯಿರಿ, ಕೆಳಗಿನ ಕಪ್ಪು ಮಸಾಲೆ, ಕಾಚಂಪುಳಿ ಎಂಬ ಹಣ್ಣಿನ ರಸದ ಹುಳಿ ಅಲ್ಲೇ ಇರುತ್ತದೆ. ಮರುದಿನದ ಪಂದಿಕರಿಯೇ ರುಚಿ ಎಂದು ನೀವೂ ಒಪ್ಪುತ್ತೀರಿ. ವಾರಕ್ಕೊಮ್ಮೆ, ಕೊಬ್ಬಿನ ತುಂಡು ಬದಿಗಿಟ್ಟು, ಒಂದು ಹಿಡಿಯಷ್ಟು. ಕಾಚಂಪುಳಿ ಎಂದಾಗ ನೆನಪಾಯಿತು. ಅದೇ ಹಣ್ಣಿನ ಸಾರವನ್ನು ತೂಕ ಇಳಿಸುವ ಮಾತ್ರೆ ಎಂದು ಗಾರ್ಸಿನಿಯಾ ಹೆಸರಿನಲ್ಲಿ ಮಾರುತ್ತಾರೆ, ಅಂಥವುಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದದ್ದು ದಾಖಲಾಗಿದೆ. ಕರಿಗೆ ಒಂದು ಚಮಚ ಹಾಕುವುದು ಬೇರೆ, ಅದನ್ನು ಮಾತ್ರೆ ಮಾಡಿ ನುಂಗುವುದು ಬೇರೆ.

ಹಬ್ಬಗಳನ್ನು ಹಾಗೆಯೇ ಬಿಟ್ಟುಬಿಡಿ. ಕೈಲ್ ಪೊಳ್ದ್, ಪುತ್ತರಿಯ ತಂಬುಟ್ಟು, ಆಗಸ್ಟ್ 3ರ ಮದ್ದುಸೊಪ್ಪಿನ ಪಾಯಸ, ಇವೆಲ್ಲ ವರ್ಷಕ್ಕೊಮ್ಮೆ ಬರುವಂಥವು. (ಮದ್ದುಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗಿದೆ ಎಂದು ಗಾಬರಿಯಿಂದ ಓಡಿಬರುವ ಹೊರಗಿನ ಅಳಿಯಂದಿರು ಪ್ರತಿವರ್ಷ ಒಬ್ಬಿಬ್ಬರಾದರೂ ಇರುತ್ತಾರೆ. ಅದು ಸೊಪ್ಪಿನ ಬಣ್ಣ.) ನಿಮ್ಮ ಯಜಮಾನರ 8.1 ಬಂದದ್ದು ಈ ಹಬ್ಬಗಳಿಂದಲ್ಲ, ಉಳಿದ ಮಂಗಳವಾರ ಬುಧವಾರಗಳಿಂದ.

ಒಂದು ವಿಷಯ ನೀವು ಬರೆದಿಲ್ಲ, ನಾನೂ ಕೆದಕುವುದಿಲ್ಲ, ಹೇಳಿಬಿಡುತ್ತೇನೆ. ಮದುವೆ ಮನೆಯಲ್ಲೋ ಸಂಜೆ ಗೆಳೆಯರ ಜೊತೆಯೋ ಪೆಗ್ ಹಿಡಿಯುವವರಾದರೆ, ಗ್ಲಿಮೆಪಿರೈಡ್ ಇರುವಾಗ ಬರಿ ಹೊಟ್ಟೆಯಲ್ಲಿ ಅದು ಬಹಳ ಅಪಾಯ. ಮದ್ಯವನ್ನು ಸಂಭಾಳಿಸುವ ಯಕೃತ್ತು ಆ ಹೊತ್ತು ರಕ್ತಕ್ಕೆ ಸಕ್ಕರೆ ಬಿಡುವುದನ್ನು ಮರೆಯುತ್ತದೆ. ಕುಸಿತ ಬರುವುದು ನಡುರಾತ್ರಿ, ತೊದಲಿದರೆ ಮನೆಯವರು "ಜಾಸ್ತಿಯಾಯಿತು" ಎಂದು ಮಗ್ಗುಲು ಬದಲಾಯಿಸಿ ಮಲಗುತ್ತಾರೆ. ಬೆಳಿಗ್ಗೆವರೆಗೆ ಹಾಗೆಯೇ ಬಿಟ್ಟ ಒಬ್ಬರನ್ನು ಉಳಿಸಿಕೊಳ್ಳಲು ನಾವು ಎರಡು ದಿನ ಹೆಣಗಬೇಕಾಯಿತು.

ನಡಿಗೆಯ ವಿಷಯದಲ್ಲಿ ಬೆಂಗಳೂರಿನ ವೈದ್ಯರು "ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗಿ" ಎಂದು ಬರೆದುಕೊಡುತ್ತಾರೆ. ಅವರಿಗೆ ನಮ್ಮ ಆನೆಗಳ ಪರಿಚಯವಿಲ್ಲ. ತೋಟದ ದಾರಿಯಲ್ಲಿ ನಸುಕಿಗೂ ಮುಸ್ಸಂಜೆಗೂ ಹೊರಡಬೇಡಿ, ಸಕ್ಕರೆ ಕಾಯಿಲೆಗೆ ಹತ್ತು ವರ್ಷ ಬೇಕು, ಆನೆಗೆ ಹತ್ತು ಸೆಕೆಂಡು ಸಾಕು. ನಿಮ್ಮ ಮನೆಯ ಮುಂದೆ ಕಾಫಿ ಒಣಗಿಸುವ ಕಣ ಇದೆಯಲ್ಲ? ಪ್ರತಿ ಊಟದ ನಂತರ ಹತ್ತು ನಿಮಿಷ ಅದನ್ನು ಸುತ್ತಿ. ಕೊಯ್ಲಿನ ಕಾಲದಲ್ಲಿ ಕಣ ತುಂಬಿರುತ್ತದೆ, ಆಗ ಅಂಚಿನಲ್ಲಿ ನಡೆಯುತ್ತ ಹಣ್ಣು ತಿರುವಿ ಹಾಕಿದರೆ ಭುಜಕ್ಕೂ ಕೆಲಸ. ಮಳೆಗಾಲದಲ್ಲಿ ಜಗಲಿ. ದಿನಕ್ಕೆ ಒಂದೇ ಸಲ ಅರ್ಧ ಗಂಟೆ ನಡೆಯುವುದಕ್ಕಿಂತ ಊಟವಾದೊಡನೆ ಹತ್ತತ್ತು ನಿಮಿಷ ನಡೆಯುವುದು ಊಟದ ನಂತರದ ಸಕ್ಕರೆಗೆ ಹೆಚ್ಚು ಕೆಲಸ ಮಾಡುತ್ತದೆ. ಜೀಪ್ ಇದ್ದರೆ ಅದರ ಕೀಲಿಯನ್ನು ಅತ್ತೆಯವರ ಕೈಗೆ ಕೊಟ್ಟುಬಿಡಿ, ಕೇಳಲು ಯಾರಿಗೂ ಧೈರ್ಯ ಬಾರದು.

ಕಾಶಿಗೆ ಧಾರಾಳವಾಗಿ ಹೋಗಿ. ಔಷಧ ಬದಲಾಗಿ, ಮನೆಯಲ್ಲಿ ಎರಡು ತಿಂಗಳಾದರೂ ಕುಸಿತವಿಲ್ಲದೆ ಕಳೆದಿರಲಿ. ಮೈಸೂರಿನಿಂದ ರೈಲು ಹಿಡಿದರೆ ಎರಡು ರಾತ್ರಿ ಕಳೆಯಬೇಕು. ಮಾತ್ರೆಗಳು, ಮೀಟರ್, ಗ್ಲೂಕೋಸ್ ಪುಡಿ ಕೈಚೀಲದಲ್ಲಿರಲಿ, ಸೀಟಿನಡಿಯ ಪೆಟ್ಟಿಗೆಯಲ್ಲಿ ಬೇಡ. ಒಯ್ಯುವ ಮಾತ್ರೆಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಅವರ ಬಳಿ, ಒಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ರೈಲಿನ ಊಟ ತಡವಾದರೆ ಮಾತ್ರೆಯೂ ತಡವಾಗಲಿ. ಎರಡು ಗಂಟೆಗೊಮ್ಮೆ ಎದ್ದು ಡಬ್ಬಿಯ ಉದ್ದಕ್ಕೂ ಓಡಾಡಿ, ಕಾಲಿನ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಹುರಿದ ಕಡಲೆ, ನೆಲಗಡಲೆ, ಬೇಯಿಸಿದ ಮೊಟ್ಟೆ ಮೊದಲ ದಿನಕ್ಕೆ ಸಾಕು. ವಾಂತಿ ಭೇದಿ ಹಿಡಿದು ನೀರೂ ನಿಲ್ಲದಿದ್ದರೆ ಮೆಟ್‌ಫಾರ್ಮಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ, ಆ ಕುರಿತು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ.

ಕಾಶಿಯಲ್ಲಿ ನನಗೆ ಭಯವಿರುವುದು ಪಾದದ್ದು. ಬರಿಗಾಲಿನಲ್ಲಿ ಘಾಟಿನ ಮೆಟ್ಟಿಲು ಇಳಿಯುವುದು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸಾಲಿನಲ್ಲಿ ನಿಲ್ಲುವುದು. ಸಕ್ಕರೆ ಕಾಯಿಲೆಯವರಲ್ಲಿ ಹಲವರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಹೋಗುವ ಮುನ್ನ ವೈದ್ಯರಿಂದ ಪಾದದ ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಬಹುಕಾಲ ನುಂಗಿದರೆ ಬಿ12 ಜೀವಸತ್ವ ಕಡಿಮೆಯಾಗಬಹುದು, ಪಾದ ಜುಮ್ಮೆನ್ನುತ್ತಿದ್ದರೆ ಅದನ್ನೂ ನೋಡಿಸಿ. ದೇವಸ್ಥಾನದ ಸಾಲಿಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ, ನಾಲ್ಕು ಜೊತೆ ಒಯ್ಯಿರಿ. ರಾತ್ರಿ ಕೋಣೆಗೆ ಬಂದ ಮೇಲೆ ಕಾಲು ತೊಳೆದು ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಅಂಗಾಲು, ಬೆರಳ ಸಂದಿ ನೀವೇ ನೋಡಿ. ಅವರ ಕಣ್ಣಿಗೆ ಅವರ ಅಂಗಾಲು ಕಾಣುವುದಿಲ್ಲ, ಈ ವಯಸ್ಸಿನ ಹೊಟ್ಟೆ ಬಗ್ಗಲೂ ಬಿಡುವುದಿಲ್ಲ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಮರುದಿನದ ಯಾತ್ರೆ ರದ್ದು. ಅತ್ತೆಯವರ ಜೊತೆ ಹತ್ತು ದಿನ ಇರಲು ನಾದಿನಿಯನ್ನೇ ಕರೆಸಿ, ಸಿರಿಧಾನ್ಯದ ವಾದ ಅಲ್ಲೇ ಇತ್ಯರ್ಥವಾಗಲಿ.

ಈಗ ಆವರಣದೊಳಗಿನ ವಿಷಯ. ನೀವು ಬರೆದ ಉದ್ದನೆಯ ಪತ್ರದಲ್ಲಿ ಅವರ ಮಾತ್ರೆಯ ಹೆಸರಿದೆ, ಅತ್ತೆಯ ವಯಸ್ಸಿದೆ, ಕಂಡಕ್ಟರ್ ಕೊಟ್ಟ ಪೆಪ್ಪರ್‌ಮಿಂಟಿದೆ, ನಿಮ್ಮ ಬಗ್ಗೆ ಒಂದೇ ಸಾಲು. 49ರಲ್ಲಿ ರಾತ್ರಿ ಬೆವರು, ಮೂರು ಗಂಟೆಯ ಎಚ್ಚರ ಎಂದರೆ ಮೊದಲು ನೆನಪಾಗುವುದು ಮುಟ್ಟು ನಿಲ್ಲುವ ಕಾಲ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಸುಮಾರಿಗೆ ಅದು ಬರುತ್ತದೆ, ಕೆಲವರಿಗೆ ಐದಾರು ವರ್ಷ ಎಳೆಯುತ್ತದೆ. ಅದನ್ನು ಸಹಿಸಿಕೊಂಡೇ ಇರಬೇಕೆಂಬ ಕಟ್ಟಳೆಯಿಲ್ಲ, ಔಷಧಗಳಿವೆ, ಸ್ತ್ರೀರೋಗ ತಜ್ಞರೊಡನೆ ಮಾತನಾಡಿ. ಹಾಗೆಂದು ಎಲ್ಲವನ್ನೂ ಅದರ ತಲೆಗೇ ಕಟ್ಟಬೇಡಿ. ಥೈರಾಯ್ಡ್ ಹೆಚ್ಚಾದರೂ ಬೆವರುತ್ತದೆ. ಬೆವರಿನ ಜೊತೆ ಜ್ವರ, ತೂಕ ಇಳಿಕೆ, ವಾರಗಟ್ಟಲೆ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು.

ಸಂಜೆ ನಾಲ್ಕರ ನಂತರದ ಕಾಫಿಯನ್ನು ಬಿಟ್ಟು ನೋಡಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಐದು ಗಂಟೆಯ ಸುಮಾರು ಹಿಡಿಯುತ್ತದೆ, ಏಳಕ್ಕೆ ಕುಡಿದದ್ದು ನಡುರಾತ್ರಿಯಲ್ಲೂ ಅರ್ಧ ಎಚ್ಚರವಿರುತ್ತದೆ. ಎಲ್ಲರೂ ಉಂಡ ಮೇಲೆ ಒಲೆಯ ಪಕ್ಕ ನಿಂತು, ಉಳಿದ ಅನ್ನಕ್ಕೆ ತಳದ ಸಾರು ಕಲಸಿ ತಿನ್ನುತ್ತೀರಾ? ಮೀನಿನ ತುಂಡು ನಿಮ್ಮ ತಟ್ಟೆಗೆ ಬರುವ ಹೊತ್ತಿಗೆ ಮುಗಿದಿರುತ್ತದೆ, ಅಲ್ಲವೇ? ಈ ವಯಸ್ಸಿನಿಂದ ಮುಂದೆ ಎಲುಬೂ ಸ್ನಾಯುವೂ ಬೇಗ ಕರಗುತ್ತವೆ. ಯಜಮಾನರಿಗೆ ಹೇಳಿದ ಎರಡು ಮೊಟ್ಟೆ ನಿಮಗೂ ಬೇಕು, ಜೊತೆಗೆ ಹಾಲು ಅಥವಾ ಮೊಸರು, ಮುಳ್ಳಿನ ಸಮೇತ ತಿನ್ನಬಹುದಾದ ಸಣ್ಣ ಮೀನು. ಕಣ ಸುತ್ತುವಾಗ ಜೊತೆಗೆ ನೀವೂ ಸುತ್ತಿ.

ಸೋಮವಾರ ಯಜಮಾನರ ಜೊತೆ ಹೋದಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ: ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್, ಎಚ್‌ಬಿಎ1ಸಿ. ಅವರಿಗೆ ಇವುಗಳ ಜೊತೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಮತ್ತು ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು, ಈ ಎರಡು ವರ್ಷದಲ್ಲಿ ಆಗಿಲ್ಲವೆಂದರೆ ಈಗ ಆಗಲಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದರೆ ಅಂದು ಅವರ ಮಾತ್ರೆ ಡಬ್ಬಿಯಲ್ಲೇ ಇರಲಿ, ರಕ್ತ ಕೊಟ್ಟು ತಿಂಡಿ ಎದುರಿಗೆ ಬಂದ ಮೇಲೆ ನುಂಗಲಿ. ಕೌಂಟರಿನಲ್ಲಿ ಮೊದಲ ಚೀಟಿ ನಿಮ್ಮ ಹೆಸರಿನದಾಗಿರಲಿ. ಎರಡನೆಯದನ್ನು ಅವರು ತಾವೇ ಮಾಡಿಸಿಕೊಳ್ಳುತ್ತಾರೆ.